ಜೀನೋಮಿಕ್ ಮುದ್ರಣ ಮತ್ತು ತಾಯಿಯ ತಳಿಪ್ರಭಾವ: ವಿಕಾಸದ ಹಾದಿ

ಒಂದು ಜೀನು ಕೆಲಸ ಮಾಡಬೇಕೋ ಸುಮ್ಮನಿರಬೇಕೋ ಎಂಬುದು ಅದು ತಂದೆಯಿಂದ ಬಂತೋ ತಾಯಿಯಿಂದ ಬಂತೋ ಎಂಬುದರ ಮೇಲೆ ನಿರ್ಧಾರವಾಗುವುದನ್ನು ಜೀನೋಮಿಕ್ ಮುದ್ರಣ ಎನ್ನುತ್ತಾರೆ. ಸಾಮಾನ್ಯವಾಗಿ ಜೀವಕೋಶ ಎರಡೂ ಕಡೆಯ ಪ್ರತಿಗಳನ್ನು ಭೇದವಿಲ್ಲದೆ ಬಳಸುತ್ತದೆ. ಮೆಂಡೆಲ್‌ನ ಲೆಕ್ಕಾಚಾರವೆಲ್ಲ ಈ ಸಮಾನತೆಯನ್ನೇ ನಂಬಿದೆ. ಇಲಿ, ಮನುಷ್ಯ ಮೊದಲಾದ ಸಸ್ತನಿಗಳಲ್ಲಿ ನೂರರಿಂದ ಇನ್ನೂರರಷ್ಟು ಜೀನುಗಳು ಈ ನಿಯಮಕ್ಕೆ ಹೊರತಾಗಿವೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವ ಹಂತದಲ್ಲೇ ಡಿಎನ್‌ಎ ಮೇಲೆ ಮೀಥೈಲ್ ಗುಂಪುಗಳ ಗುರುತು ಬೀಳುತ್ತದೆ. ಡಿಎನ್‌ಎಯ ಅಕ್ಷರಗಳು ಬದಲಾಗುವುದಿಲ್ಲ. ಮುಂದಿನ ಪೀಳಿಗೆಯ ಅಂಡಾಣು-ವೀರ್ಯಾಣುಗಳಲ್ಲಿ ಹಳೆಯ ಗುರುತು ಅಳಿದು, ಆ ದೇಹದ ಲಿಂಗಕ್ಕೆ ತಕ್ಕಂತೆ ಹೊಸದು ಬೀಳುತ್ತದೆ. ತಾಯಿಯ ತಳಿಪ್ರಭಾವ ಇದಕ್ಕಿಂತ ಬೇರೆ. ಮಗುವಿಗೆ ಯಾವ ಜೀನು ಬಂತು ಎಂಬುದು ಹಾಗಿರಲಿ, ತಾಯಿಯ ಸ್ವಂತ ಜೀನುಗಳು ಅಂಡದ ಸತ್ವ, ಗರ್ಭದ ಪೋಷಣೆ, ಎದೆಹಾಲುಗಳ ಮೂಲಕ ಮಗುವಿನ ಮೇಲೆ ಮಾಡುವ ಪರಿಣಾಮ ಅದು. ಪಠ್ಯಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಅವು ಒಂದೇ ಸಂಬಂಧದ ಎರಡು ಮುಖಗಳೆಂದೂ, ತಾಯಿಯನ್ನು ಜೀನು ಕೊಡುವವಳಾಗಿ ಒಮ್ಮೆ, ಮಗು ಬೆಳೆಯುವ ಆಸರೆಯಾಗಿ ಇನ್ನೊಮ್ಮೆ ಲೆಕ್ಕಕ್ಕೆ ಹಿಡಿಯದಿದ್ದರೆ ಮುದ್ರಣದ ವಿಕಾಸ ಅರ್ಥವಾಗದೆಂದೂ ಈ ಲೇಖನ ವಾದಿಸುತ್ತದೆ.

ದಾವಣಗೆರೆ, ಹರಿಹರದ ಸೀಮೆಯಲ್ಲಿ ಇದನ್ನು ತಿಳಿಯಲು ಮೆಕ್ಕೆಜೋಳದ ತೆನೆಯೊಂದು ಸಾಕು. ಭದ್ರಾ ನಾಲೆಯ ನೀರು ಹರಿಯುವಲ್ಲಿ ಭತ್ತ, ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ, ಇದು ಇಲ್ಲಿನ ಬೆಳೆಯ ರೂಢಿ. ಸುಗ್ಗಿಯಲ್ಲಿ ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ರಾಶಿ ಬೀಳುವ ಕಾಳಿನ ಬಹುಪಾಲು ಭ್ರೂಣಾಹಾರ, ಅಂದರೆ ಮೊಳಕೆಗೆ ಉಣಿಸಲೆಂದು ಗಿಡ ಕೂಡಿಟ್ಟ ಹಿಟ್ಟು. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆಗಳಲ್ಲಿ ಒಂದೊಂದು ಎಳೆ ಒಂದೊಂದು ಕಾಳಿನದು. ಸೂಲಂಗಿಯಿಂದ ಗಾಳಿಗೆ ಹಾರಿ ಎಳೆಯ ಮೇಲೆ ಕೂತ ಪರಾಗದಿಂದ ಎರಡು ಗಂಡು ಕೋಶಗಳು ಒಳಗಿಳಿಯುತ್ತವೆ. ಒಂದು ಅಂಡವನ್ನು ಕೂಡಿ ಮೊಳಕೆಯಾದರೆ, ಇನ್ನೊಂದು ತಾಯಿಯ ಕಡೆಯ ಎರಡು ಕೋಶಕೇಂದ್ರಗಳನ್ನು ಕೂಡಿ ಭ್ರೂಣಾಹಾರವಾಗುತ್ತದೆ. ಆದ್ದರಿಂದ ನಾವು ಬೀಸಿ ತಿನ್ನುವ ಭಾಗದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು ಪಾಲು. ಈ ಪ್ರಮಾಣ ತಪ್ಪಿದರೆ ಕಾಳು ಸರಿಯಾಗಿ ತುಂಬುವುದಿಲ್ಲವೆಂದು 1984ರಲ್ಲಿ ಬೋರ್-ಯಾವ್ ಲಿನ್ ತೋರಿಸಿದರು. ಒಂದು ನಿರ್ದಿಷ್ಟ ಜೀನಿನ ಮಟ್ಟದಲ್ಲಿ ಮುದ್ರಣ ಮೊದಲು ಗೊತ್ತಾದದ್ದೂ ಈ ಬೆಳೆಯಲ್ಲೇ, 1970ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೆರ್ರಿ ಕರ್ಮಿಕಲ್ ಕಾಳಿನ ಹೊರಪದರಕ್ಕೆ ಕೆನ್ನೇರಳೆ ಬಣ್ಣ ಕೊಡುವ ಆರ್ ಎಂಬ ಜೀನನ್ನು ಅಭ್ಯಾಸ ಮಾಡಿದರು. ಬಣ್ಣದ ಜೀನು ತಾಯಿಯಿಂದ ಬಂದರೆ ಕಾಳು ಪೂರ್ತಿ ಗಾಢ ಬಣ್ಣ, ತಂದೆಯಿಂದ ಬಂದರೆ ಮಚ್ಚೆ ಮಚ್ಚೆ. ತಾಯಿಯಿಂದ ಎರಡು ಪ್ರತಿ, ತಂದೆಯಿಂದ ಒಂದೇ ಪ್ರತಿ ಬರುವುದರಿಂದ ಬಣ್ಣ ಕಡಿಮೆಯಾಗಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕರ್ಮಿಕಲ್ ವರ್ಣತಂತುಗಳ ಸ್ಥಾನಪಲ್ಲಟದ ತಂತ್ರದಿಂದ ತಂದೆಯ ಕಡೆಯಿಂದಲೂ ಎರಡು ಪ್ರತಿ ಬರುವಂತೆ ಮಾಡಿ ನೋಡಿದರು, ಮಚ್ಚೆ ಹೋಗಲಿಲ್ಲ. ಇದು ತಾಯಿಗಿಡದ ಪ್ರಭಾವವಷ್ಟೇ ಎನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. ಬಣ್ಣದ ಒಂದು ಪ್ರತಿ, ಬಣ್ಣವಿಲ್ಲದ ಒಂದು ಪ್ರತಿ ಇರುವ ತಾಯಿಗಿಡಕ್ಕೆ ಬಣ್ಣವಿಲ್ಲದ ಗಿಡದ ಪರಾಗ ಬಿದ್ದಾಗ ಒಂದೇ ತೆನೆಯಲ್ಲಿ ಅರ್ಧದಷ್ಟು ಕಾಳು ಗಾಢವಾಗಿರುತ್ತವೆ, ಅರ್ಧದಷ್ಟು ಬಣ್ಣವಿಲ್ಲದೆ ಇರುತ್ತವೆ. ತಾಯಿ ಒಬ್ಬಳೇ, ತೆನೆ ಒಂದೇ. ವ್ಯತ್ಯಾಸಕ್ಕೆ ಕಾರಣ ಕಾಳಿಗೆ ಸಿಕ್ಕ ಪ್ರತಿಯೇ ಹೊರತು ತಾಯಿಯ ಒಟ್ಟು ದೇಹವಲ್ಲ.

ಈ ವಿಂಗಡಣೆಯನ್ನು ಇಷ್ಟು ಎಳೆಎಳೆಯಾಗಿ ಹೇಳಲು ಕಾರಣವಿದೆ. ಗಂಡು-ಹೆಣ್ಣನ್ನು ಅದಲುಬದಲು ಮಾಡಿ ಕೂಡಿಸಿದಾಗ ಸಂತಾನದಲ್ಲಿ ವ್ಯತ್ಯಾಸ ಕಂಡರೆ ಅದನ್ನು ಕೂಡಲೇ ಮುದ್ರಣವೆಂದು ಬರೆಯುವ ಅವಸರ ಈ ವಿದ್ಯೆಯನ್ನು ಬಹಳ ಕಾಲ ಕಾಡಿದೆ. ಬಸವನಹುಳುವಿನ ಚಿಪ್ಪು ಬಲಕ್ಕೆ ಸುತ್ತಬೇಕೋ ಎಡಕ್ಕೆ ಸುತ್ತಬೇಕೋ ಎಂಬುದೂ ಅದಲುಬದಲು ಮಾಡಿದಾಗ ಬೇರೆಯಾಗುತ್ತದೆ. ಆದರೆ ಅಲ್ಲಿ ಮುದ್ರಣವಿಲ್ಲ. 1923ರಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ವಿವರಿಸಿದಂತೆ, ಮರಿಗೆ ಯಾವ ಜೀನು ಬಂದರೂ ಅದರ ಚಿಪ್ಪು ತಾಯಿಯ ಜೀನುಗಳು ಹೇಳಿದ ಕಡೆಗೇ ಸುತ್ತುತ್ತದೆ. ಮರಿಯ ಸ್ವಂತ ಜೀನು ತನ್ನ ಮಾತು ನಡೆಸುವುದು ಅದರ ಮಕ್ಕಳಲ್ಲಿ. 2008ರಲ್ಲಿ ರೈನ್‌ಮಾರ್ ಹ್ಯಾಗರ್, ಜೇಮ್ಸ್ ಚೆವೆರುಡ್, ಜೇಸನ್ ವುಲ್ಫ್ ಅವರು ತಾಯಿಯ ತಳಿಪ್ರಭಾವ ಹೇಗೆ ಮುದ್ರಣದ ವೇಷ ಹಾಕಬಲ್ಲದೆಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಈ ಎಚ್ಚರ ಹೆಚ್ಚಾಯಿತು. 2010ರಲ್ಲಿ ಇಲಿಯ ಮೆದುಳಿನಲ್ಲಿ 1,300ಕ್ಕೂ ಹೆಚ್ಚು ಮುದ್ರಿತ ಜೀನುಗಳಿವೆ ಎಂಬ ವರದಿ ಬಂತು. ಎರಡೇ ವರ್ಷದಲ್ಲಿ ನಡೆದ ಮರುಪರೀಕ್ಷೆ ಅವುಗಳಲ್ಲಿ ಬಹುಪಾಲು ಅಳತೆಯ ದೋಷವೆಂದು ತೋರಿಸಿತು. ಮುದ್ರಿತ ಜೀನುಗಳು ಕಡಿಮೆ. ಅವು ಗುಂಪು ಗುಂಪಾಗಿ ಕೂತಿವೆ, ಹೆಚ್ಚಿನವು ಪೋಷಣೆಯ ಹಾದಿಯಲ್ಲೇ ಕೆಲಸ ಮಾಡುತ್ತವೆ. ವಿಕಾಸದ ಯಾವ ವಿವರಣೆಯಾದರೂ ಮೊದಲು ಈ ಸಂಗತಿಗೆ ಉತ್ತರ ಕೊಡಬೇಕು.

ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಗಟ್ಟಿಯಾದದ್ದು ಡೇವಿಡ್ ಹೇಗ್ ಮತ್ತು ಮಾರ್ಕ್ ವೆಸ್ಟೊಬಿ 1989ರಲ್ಲಿ ಮಂಡಿಸಿದ ಬಂಧುತ್ವ ಸಿದ್ಧಾಂತ. ಅವರು ಅದನ್ನು ಕಟ್ಟಿದ್ದೇ ಭ್ರೂಣಾಹಾರದ ಸುತ್ತ. ಒಂದು ತೆನೆಯ ಕಾಳುಗಳಿಗೆಲ್ಲ ತಾಯಿ ಒಬ್ಬಳೇ, ತಂದೆ ಬೇರೆ ಬೇರೆ ಇರಬಹುದು. ಕಾಳೊಂದರೊಳಗಿನ ತಾಯಿಕಡೆಯ ಜೀನಿಗೆ ಪಕ್ಕದ ಕಾಳಿನಲ್ಲೂ ತನ್ನ ಪ್ರತಿ ಇರುವ ಸಂಭವ ಹೆಚ್ಚು; ತಂದೆಕಡೆಯ ಜೀನಿಗೆ ಆ ಸಂಭವ ಕಡಿಮೆ. ಆದ್ದರಿಂದ ತಾಯಿಯಿಂದ ಹೆಚ್ಚು ಎಳೆದುಕೊಳ್ಳುವಂತೆ ಮಾಡುವ ಜೀನು ತಂದೆಯ ಕಡೆಯಿಂದ ಬಂದಾಗ ಚುರುಕಾಗಿರುವುದೂ, ಎಳೆತವನ್ನು ತಡೆಯುವ ಜೀನು ತಾಯಿಯ ಕಡೆಯಿಂದ ಬಂದಾಗ ಚುರುಕಾಗಿರುವುದೂ ನಿಸರ್ಗದ ಆಯ್ಕೆಯಲ್ಲಿ ಗೆಲ್ಲುತ್ತದೆ. ಸಸ್ತನಿಗಳಲ್ಲಿ ಭ್ರೂಣಾಹಾರದ ಸ್ಥಾನದಲ್ಲಿ ಮಾಸು ಇದೆ. 1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು, ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಮೆಗ್ರಾತ್ ಮತ್ತು ದಾವೊರ್ ಸೋಲ್ಟರ್, ಇಬ್ಬರು ತಾಯಂದಿರ ಅಥವಾ ಇಬ್ಬರು ತಂದೆಯರ ಕೋಶಕೇಂದ್ರಗಳನ್ನು ಕೂಡಿಸಿ ಇಲಿಯ ಭ್ರೂಣ ಬೆಳೆಸಲು ಹೊರಟರು. ಎರಡೂ ಬಗೆಯವು ಹುಟ್ಟುವವರೆಗೆ ಉಳಿಯಲಿಲ್ಲ. ತಾಯಂದಿರದಷ್ಟೇ ಆದಾಗ ಮಾಸು ಸೊರಗಿತು, ತಂದೆಯರದಷ್ಟೇ ಆದಾಗ ಭ್ರೂಣ ಸೊರಗಿ ಮಾಸಿನ ಅಂಗಾಂಶ ಬೆಳೆಯಿತು. 1991ರಲ್ಲಿ ಜೀನುಗಳ ಹೆಸರೂ ಸಿಕ್ಕಿತು. ಬೆಳವಣಿಗೆಗೆ ಒತ್ತು ಕೊಡುವ ಐಜಿಎಫ್-2 ತಂದೆಯ ಪ್ರತಿಯಿಂದ ಮಾತ್ರ ಕೆಲಸ ಮಾಡುತ್ತದೆ. ಆ ಪ್ರತಿ ಕೆಟ್ಟರೆ ಇಲಿಮರಿಯ ತೂಕ ಮಾಮೂಲಿಗಿಂತ ಶೇಕಡಾ 40ರಷ್ಟು ಕಡಿಮೆ. ಅದನ್ನು ಹಿಡಿದು ಅರಗಿಸಿ ಬೆಳವಣಿಗೆಗೆ ಕಡಿವಾಣ ಹಾಕುವ ಐಜಿಎಫ್-2ಆರ್ ಇಲಿಯಲ್ಲಿ ತಾಯಿಯ ಪ್ರತಿಯಿಂದ ಕೆಲಸ ಮಾಡುತ್ತದೆ. ಸಿದ್ಧಾಂತ ಎರಡು ವರ್ಷ ಮೊದಲೇ ಹೇಳಿದ ದಿಕ್ಕಿನಲ್ಲೇ ಎರಡೂ ನಿಂತಿದ್ದವು. 2004ರಲ್ಲಿ ಟೋಕಿಯೋದ ತೊಮೊಹಿರೊ ಕೊನೊ ತಂಡ ಒಂದು ತಾಯಿಯ ಕಡೆಯಲ್ಲಿ ಎಚ್-19 ಜೀನಿನ ಭಾಗವನ್ನು ತೆಗೆದುಹಾಕಿ ಐಜಿಎಫ್-2ಕ್ಕೆ ಜೀವ ತುಂಬಿದಾಗ, ತಂದೆಯೇ ಇಲ್ಲದ ಇಲಿಯೊಂದು ಹುಟ್ಟಿ ದೊಡ್ಡದಾಯಿತು.

ಸಿದ್ಧಾಂತಕ್ಕೆ ಇನ್ನೊಂದು ಪರೀಕ್ಷೆಯೂ ಇದೆ. ತಂದೆ-ತಾಯಿಯರ ಹಿತ ಬೇರೆಯಾಗದ ಕಡೆ ಹಗ್ಗಜಗ್ಗಾಟವೂ ಸಡಿಲವಾಗಬೇಕು. ಉತ್ತರ ಅಮೆರಿಕದ ಪೆರೊಮಿಸ್ಕಸ್ ಇಲಿಗಳಲ್ಲಿ ಒಂದು ಜಾತಿಯ ಹೆಣ್ಣು ಹಲವು ಗಂಡುಗಳನ್ನು ಕೂಡುತ್ತದೆ, ಇನ್ನೊಂದು ಜಾತಿ ಜೋಡಿಯಾಗಿಯೇ ಬಾಳುತ್ತದೆ. ಪೈಪೋಟಿಯ ಜಾತಿಯ ಗಂಡನ್ನು ಜೋಡಿಜಾತಿಯ ಹೆಣ್ಣಿಗೆ ಕೂಡಿಸಿದರೆ ಮರಿಗಳು ವಿಪರೀತ ದಪ್ಪವಾಗಿ ಬೆಳೆದು ಹಲವು ಬಾರಿ ಸಾಯುತ್ತವೆ. ತಿರುಗಿಸಿ ಕೂಡಿಸಿದರೆ ಮರಿ ಸಣ್ಣದಾಗುತ್ತದೆ. ಒಂದು ಕಡೆಯ ಜಗ್ಗಾಟಕ್ಕೆ ಇನ್ನೊಂದು ಕಡೆಯ ತಡೆ ಸಾಲದೆ ಹೋದದ್ದು ಇಲ್ಲಿ ಎದ್ದು ಕಾಣುತ್ತದೆ. ಇದೇ ತರ್ಕವನ್ನು ದಾವಣಗೆರೆಯ ಹೊಲಕ್ಕೆ ತಂದು ನೋಡಬಹುದು. ಇಂದು ಇಲ್ಲಿ ಬಿತ್ತುವುದು ಹೆಚ್ಚಾಗಿ ಕಂಪನಿಯ ಹೈಬ್ರಿಡ್ ಬೀಜ. ಏಕಸಂಕರ ಹೈಬ್ರಿಡ್ ಆದರೆ ಹೊಲದ ಎಲ್ಲ ಗಿಡಗಳ ತಳಿರೂಪವೂ ಒಂದೇ. ಪರಾಗ ಯಾವ ಗಿಡದಿಂದ ಹಾರಿ ಬಂದರೂ ತಂದೆಯ ಜೀನು-ಸಮೂಹ ಅದೇ. ಅಂಥ ತೆನೆಯಲ್ಲಿ ಪಕ್ಕದ ಕಾಳಿನೊಂದಿಗೆ ತಂದೆಕಡೆಯ ಜೀನಿಗೂ ತಾಯಿಕಡೆಯ ಜೀನಿಗೂ ಇರುವ ನಂಟು ಸಮವಾಗಿಬಿಡುತ್ತದೆ. ಹಾಗಿದ್ದರೂ ಮುದ್ರೆಗಳು ಅಳಿದಿಲ್ಲ, ಏಕೆಂದರೆ ಆ ಕಾಳು ಕೋಳಿ ಆಹಾರಕ್ಕೋ ಪಿಷ್ಟದ ಕಾರ್ಖಾನೆಗೋ ಹೋಗುತ್ತದೆ, ಮರುವರ್ಷದ ಬೀಜ ಅಂಗಡಿಯಿಂದ ಬರುತ್ತದೆ. ಆಯ್ಕೆಯ ಒತ್ತಡ ಬದಲಾದರೂ ಅದು ಕೆಲಸ ಮಾಡಲು ಪೀಳಿಗೆಗಳ ಸಾಲು ಬೇಕು. ಇಂದಿನ ಕಾಳಿನಲ್ಲಿರುವ ಮುದ್ರೆಗಳು ಮೆಕ್ಸಿಕೋದ ಟಿಯೋಸಿಂಟೆ ಹುಲ್ಲಿನಂಥ ಪೂರ್ವಜರ ಕಾಲದ ಬಳುವಳಿ.

ಮುದ್ರಣದ ಚರ್ಚೆಯಲ್ಲಿ ಕರ್ನಾಟಕದ ಪಾಲು ದೊಡ್ಡದು, ಆದರೆ ಕನ್ನಡ ಓದುಗರಿಗೆ ಅದು ತಲುಪಿದ್ದು ಕಡಿಮೆ. ಅದರ ನಾಯಕ ಹತ್ತಿ, ಪಪ್ಪಾಯಿ, ದಾಸವಾಳದ ಗಿಡಗಳಿಗೆ ಬಿಳಿ ಪುಡಿ ಮೆತ್ತಿದಂತೆ ಅಂಟಿಕೊಂಡು ರಸ ಹೀರುವ ಹಿಟ್ಟು ತಿಗಣೆ. ಹೆಣ್ಣಿಗೆ ರೆಕ್ಕೆ ಇಲ್ಲ. ಗಂಡು ಬರಿಗಣ್ಣಿಗೆ ಸಿಗುವುದೇ ಕಷ್ಟ ಎನ್ನುವಷ್ಟು ಪುಟ್ಟ ರೆಕ್ಕೆಹುಳು. ಈ ಕುಟುಂಬದ ಕೀಟಗಳಲ್ಲಿ ಗಂಡುಮರಿಯ ಭ್ರೂಣದ ಆರಂಭದಲ್ಲೇ ತಂದೆಯಿಂದ ಬಂದ ವರ್ಣತಂತುಗಳ ಪೂರ್ತಿ ಗುಂಪು ಮುದುಡಿ ನಿಷ್ಕ್ರಿಯವಾಗುತ್ತದೆ, ಆ ಗಂಡು ಮುಂದೆ ತನ್ನ ವೀರ್ಯಾಣುವಿನಲ್ಲಿ ತನ್ನ ತಾಯಿಯ ಗುಂಪನ್ನಷ್ಟೇ ಕಳಿಸುತ್ತದೆ. ಬರ್ಕ್ಲಿಯ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್-ರೀಸ್ 1961ರಲ್ಲಿ ಇದನ್ನು ವಿಕಿರಣದಿಂದ ಖಚಿತ ಮಾಡಿದರು: ತಂದೆಗೆ ವಿಕಿರಣ ಕೊಟ್ಟಾಗ ಹೆಣ್ಣುಮಕ್ಕಳು ಸತ್ತರು, ಗಂಡುಮಕ್ಕಳು ಉಳಿದರು, ಏಕೆಂದರೆ ಕೆಟ್ಟ ಗುಂಪು ಅವರಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಬ್ರೌನ್ ಜೊತೆ ದುಡಿದ ಎಚ್. ಶರತ್ ಚಂದ್ರ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸವನ್ನು ಬೆಳೆಸಿದರು. ಅವರಿಬ್ಬರೂ 1975ರಲ್ಲಿ ಸಸ್ತನಿಗಳ ಎಕ್ಸ್ ವರ್ಣತಂತುವಿಗೂ ಇಂಥ ಮುದ್ರಣದ ವಿವರಣೆ ಕೊಟ್ಟರು. ಸುರಾನಿಯವರ ಪ್ರಯೋಗಕ್ಕೆ ಅದು ಒಂಬತ್ತು ವರ್ಷ ಮೊದಲು. 1990ರಲ್ಲಿ ಶರತ್ ಚಂದ್ರ ಮತ್ತು ಅದೇ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಜೀನೋಮಿಕ್ ಮುದ್ರಣದ ವಿಕಾಸ ಎಂಬ ಹೆಸರಿನಲ್ಲೇ ಪ್ರಬಂಧ ಬರೆದರು. 1996ರಲ್ಲಿ ಸಂಜೀವ್ ಖೋಸ್ಲಾ, ವಾಣಿ ಬ್ರಹ್ಮಚಾರಿ ಮೊದಲಾದವರೊಂದಿಗೆ ಶರತ್ ಚಂದ್ರ ಹಿಟ್ಟು ತಿಗಣೆಯ ಗಂಡಿನಲ್ಲಿ ಮಾತ್ರ ಕಾಣುವ, ಕಿಣ್ವಕ್ಕೆ ಸುಲಭವಾಗಿ ಮಣಿಯದ ಒಂದು ಬಗೆಯ ಕ್ರೊಮಾಟಿನ್, ಅಂದರೆ ವರ್ಣತಂತುವಿನ ಹೂರಣ, ಇರುವುದನ್ನು ವರದಿ ಮಾಡಿದರು. ಗರ್ಭವೂ ಇಲ್ಲದ, ಮಾಸೂ ಇಲ್ಲದ ಈ ಕೀಟದಲ್ಲಿ ಪೋಷಣೆಯ ಜಗ್ಗಾಟ ಎಲ್ಲಿಂದ ಬಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ತಾಯಿಯ ಲಾಭದ ಲೆಕ್ಕದಲ್ಲಿದೆ. ಸಾಮಾನ್ಯ ಪ್ರಾಣಿಯಲ್ಲಿ ಮಗ ಮೊಮ್ಮಕ್ಕಳಿಗೆ ದಾಟಿಸುವ ಜೀನುಗಳಲ್ಲಿ ಅವನ ತಾಯಿಯದು ಅರ್ಧ. ಹಿಟ್ಟು ತಿಗಣೆಯಲ್ಲಿ ಪೂರ್ತಿ. ಜಗ್ಗಾಟ ಇಲ್ಲೂ ಇದೆ, ಆದರೆ ಅನ್ನಕ್ಕಾಗಿ ಅಲ್ಲ, ಮುಂದಿನ ಪೀಳಿಗೆಯಲ್ಲಿ ಸಿಗುವ ಜಾಗಕ್ಕಾಗಿ.

ಇನ್ನೂ ಬಲವಾದ ಆಕ್ಷೇಪ ಮತ್ತೆ ಮೆಕ್ಕೆಜೋಳದಿಂದಲೇ ಬರುತ್ತದೆ. ಮೆಗ್-1 ಎಂಬ ಜೀನು ಭ್ರೂಣಾಹಾರದ ಬುಡದಲ್ಲಿ, ತಾಯಿಗಿಡದಿಂದ ಸಕ್ಕರೆ ಒಳಬರುವ ಕೋಶಗಳನ್ನು ರೂಪಿಸುತ್ತದೆ. ಬಂಧುತ್ವ ಸಿದ್ಧಾಂತದ ಪ್ರಕಾರ ಹೀಗೆ ಒಳಗೆಳೆಯುವ ಜೀನು ತಂದೆಯ ಕಡೆಯಿಂದ ಕೆಲಸ ಮಾಡಬೇಕಿತ್ತು. ಆದರೆ ಇದು ಕೆಲಸ ಮಾಡುವುದು ತಾಯಿಯ ಪ್ರತಿಯಿಂದ. 2012ರಲ್ಲಿ ಇದು ಸ್ಪಷ್ಟವಾದಾಗ ಸಿದ್ಧಾಂತವೇ ಬಿತ್ತೆಂದು ಕೆಲವರಿಗೆ ಅನಿಸಿತು. ನನ್ನ ಮಟ್ಟಿಗೆ ಬಿದ್ದದ್ದು ಸಿದ್ಧಾಂತವಲ್ಲ, ಅದೊಂದೇ ಸಾಕೆಂಬ ನಂಬಿಕೆ. ತಾಯಿಯ ತಳಿಪ್ರಭಾವವನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ದಾರಿ ಕಾಣುತ್ತದೆ. ವುಲ್ಫ್ ಮತ್ತು ಹ್ಯಾಗರ್ 2006ರಲ್ಲಿ ಹೇಳಿದ ತಾಯಿ-ಮರಿ ಹೊಂದಾಣಿಕೆಯ ಸಿದ್ಧಾಂತ ಹೀಗಿದೆ: ಉಣಿಸುವ ಕೈ, ಉಣ್ಣುವ ಬಾಯಿ ಪರಸ್ಪರ ಒಗ್ಗಬೇಕಾದ ಕಡೆ, ಮರಿಯಲ್ಲಿ ತಾಯಿಯಿಂದ ಬಂದ ಪ್ರತಿಯೇ ಕೆಲಸ ಮಾಡಿದರೆ ಅದು ತಾಯಿಯ ದೇಹದ ಗುಣಕ್ಕೆ ಹೊಂದುವ ಸಂಭವ ಹೆಚ್ಚು. ತಂದೆಯ ಪ್ರತಿಗೆ ಆ ಒಳಗುಟ್ಟು ಗೊತ್ತಿಲ್ಲ. ಎಷ್ಟು ಪಡೆಯಬೇಕು ಎಂಬಲ್ಲಿ ಜಗ್ಗಾಟ, ಹೇಗೆ ಪಡೆಯಬೇಕು ಎಂಬಲ್ಲಿ ಹೊಂದಾಣಿಕೆ. ಮುದ್ರಿತ ಜೀನುಗಳು ಎರಡೂ ಕಡೆ ಹಂಚಿಹೋಗಿರುವುದು ಆಶ್ಚರ್ಯವಲ್ಲ. ಮುದ್ರಣವೆಂಬುದು ಜೀನೋಮಿನಲ್ಲಿ ಜಿಗಿದಾಡುವ ಪರಕೀಯ ಡಿಎನ್‌ಎ ತುಣುಕುಗಳ ಬಾಯಿ ಮುಚ್ಚಿಸಲು ಹುಟ್ಟಿದ ಮೀಥೈಲ್ ವ್ಯವಸ್ಥೆಯ ಉಪಫಲವಷ್ಟೇ ಎಂಬ ಮತವೂ ಇದೆ. ಪೆಗ್-10 ಎಂಬ ಮುದ್ರಿತ ಜೀನು ನಿಜಕ್ಕೂ ಅಂಥ ತುಣುಕಿನಿಂದ ಬಂದದ್ದು. ಮೊಟ್ಟೆಯಿಡುವ ಪ್ಲಾಟಿಪಸ್‌ನಲ್ಲಿ ಅದು ಇಲ್ಲ, ವಾಲಬಿಯಲ್ಲಿ ಇದೆ. ಈ ಮತ ಉಪಕರಣ ಎಲ್ಲಿಂದ ಬಂತೆಂದು ಚೆನ್ನಾಗಿ ಹೇಳುತ್ತದೆ. ಆ ಉಪಕರಣ ಸಸ್ತನಿಯ ಮಾಸಿನಲ್ಲೂ ಹೂಬಿಡುವ ಸಸ್ಯದ ಭ್ರೂಣಾಹಾರದಲ್ಲೂ ಸ್ವತಂತ್ರವಾಗಿ ನೆಲೆನಿಂತದ್ದೇಕೆ, ಕೋಳಿಯಲ್ಲಿ ಐಜಿಎಫ್-2 ಮುದ್ರಣವಿಲ್ಲದೆ ಉಳಿದದ್ದೇಕೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ತಾಯಿ ಗರ್ಭ ಕಟ್ಟಿದ ಮೇಲೆ ತನ್ನ ದೇಹದಿಂದಲೇ ಉಣಿಸುವ ಕಡೆಗಳಲ್ಲಿ ಆ ಉಪಕರಣ ನೆಲೆಯೂರಿತು.

ಮನುಷ್ಯರಲ್ಲಿ ತಾಯಿಯ ಜೀನು ಮತ್ತು ಮಗುವಿನ ಜೀನು ಎದುರುಬದುರಾಗುವುದನ್ನು ಗ್ಲೂಕೋಕೈನೇಸ್ ಜೀನು ತೋರಿಸಿಕೊಟ್ಟಿದೆ. 1998ರಲ್ಲಿ ಇಂಗ್ಲೆಂಡಿನ ಆಂಡ್ರೂ ಹ್ಯಾಟರ್ಸ್ಲಿ ತಂಡ ಕಂಡಂತೆ, ಆ ಜೀನಿನ ದೋಷ ಮಗುವಿಗೆ ಬಂದರೆ ಹುಟ್ಟುತೂಕ ಅರ್ಧ ಕಿಲೋದಷ್ಟು ಇಳಿಯುತ್ತದೆ. ಅದೇ ದೋಷ ತಾಯಿಗಿದ್ದರೆ ಅವಳ ರಕ್ತದ ಸಕ್ಕರೆ ಏರಿ ಮಗುವಿನ ತೂಕ 600 ಗ್ರಾಮಿನಷ್ಟು ಹೆಚ್ಚುತ್ತದೆ. ಇಬ್ಬರಿಗೂ ಇದ್ದರೆ ಒಂದನ್ನೊಂದು ಸರಿದೂಗಿಸುತ್ತವೆ. ತೂಕದ ಪುಸ್ತಕ ಮಾತ್ರ ನೋಡಿದವರಿಗೆ ಏನೂ ನಡೆದಿಲ್ಲವೆಂದೇ ಕಾಣುತ್ತದೆ. ಹುಟ್ಟುತೂಕ ಬದುಕಿನುದ್ದಕ್ಕೂ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಸಾಕ್ಷಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳಿಂದ ಬಂತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, 1996ರ ವರದಿಯಂತೆ, 2.5 ಕಿಲೋ ಅಥವಾ ಕಡಿಮೆ ತೂಕವಿದ್ದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.2 ಕಿಲೋ ದಾಟಿದವರಲ್ಲಿ ಶೇಕಡಾ 3. ಇದನ್ನೆಲ್ಲ ಮುದ್ರಣದ ಖಾತೆಗೆ ಬರೆಯುವುದು ತಪ್ಪು. ತಾಯಿಯ ಊಟ, ದುಡಿಮೆ, ಅವಳ ಸ್ವಂತ ಮೈಕಟ್ಟು, ಅವಳ ಜೀನು, ಮಗುವಿನ ಜೀನು ಎಲ್ಲವೂ ಆ ಒಂದು ಅಂಕಿಯಲ್ಲಿ ಬೆರೆತಿವೆ.

ನಮ್ಮ ನಾಡಿನ ಮದುವೆಯ ರೂಢಿ ಈ ಪ್ರಶ್ನೆಗೆ ಹತ್ತಿರ ಬರುವುದು ಇಲ್ಲಿ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಕರ್ನಾಟಕದಲ್ಲಿ ಹಳೆಯ ವಾಡಿಕೆ. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗಿನವು. ಅಕ್ಕನ ಮಗಳನ್ನು ಮದುವೆಯಾದವನ ಮಗುವಿಗೆ ಒಂದೇ ಪೂರ್ವಜರ ಒಂದೇ ಪ್ರತಿ ಎರಡೂ ಕಡೆಯಿಂದ ಬರುವ ಸಂಭವ 1/8, ಸೋದರಿಕೆಯ ಮಕ್ಕಳ ಮದುವೆಯಲ್ಲಿ 1/16. ತಂದೆಯ ಜೀನು ತಾಯಿಯ ಬಳಗದಲ್ಲೂ ಇರುವುದರಿಂದ ಬಂಧುತ್ವ ಸಿದ್ಧಾಂತದಂತೆ ಜಗ್ಗಾಟ ತುಸು ಸಡಿಲವಾಗಬೇಕು. ಆದರೆ ಮುದ್ರೆಗಳು ಕೋಟ್ಯಂತರ ವರ್ಷಗಳ ಹಿಂದಿನವು, ಮದುವೆಯ ರೂಢಿ ಅದರ ಮುಂದೆ ಬಹಳ ಈಚಿನದು. ಹೈಬ್ರಿಡ್ ಹೊಲದಲ್ಲಿ ಕಂಡಂತೆಯೇ ಇಲ್ಲೂ ಆಯ್ಕೆಗೆ ಕಾಲ ಸಾಲದು. ಸಂಬಂಧದ ಮದುವೆಯಿಂದ ಎಲ್ಲ ತಳಿರೋಗವೂ ಬರುತ್ತದೆಂಬ ಮಾತೂ ಸರಿಯಲ್ಲ. 15ನೇ ವರ್ಣತಂತುವಿನ ಒಂದೇ ತುಂಡು ತಂದೆಯ ಕಡೆಯಿಂದ ಕಳೆದರೆ ಪ್ರಾಡರ್-ವಿಲ್ಲಿ, ತಾಯಿಯ ಕಡೆಯಿಂದ ಕಳೆದರೆ ಏಂಜೆಲ್ಮನ್ ಎಂಬ ಎರಡು ಬೇರೆ ಬೇರೆ ಕಾಯಿಲೆಗಳಾಗುತ್ತವೆ. ಈ ತುಂಡು ಸಾಮಾನ್ಯವಾಗಿ ಆ ಅಂಡಾಣು ಅಥವಾ ವೀರ್ಯಾಣುವಿನಲ್ಲಿ ಹೊಸದಾಗಿ ಕಳೆದುಹೋಗಿರುತ್ತದೆ. ಅದಕ್ಕೂ ಸೋದರಿಕೆಗೂ ಸಂಬಂಧವಿಲ್ಲ.

ಸಂಬಂಧವಿರುವುದು ಇನ್ನೊಂದು ಕಡೆ. ಗರ್ಭದಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳ ರಾಶಿ ಬೆಳೆಯುವ ಮೋಲಾರ್ ಗರ್ಭದಲ್ಲಿ, ಸಾಮಾನ್ಯವಾಗಿ ಇಡೀ ಜೀನೋಮು ತಂದೆಯದೇ ಆಗಿರುತ್ತದೆಂದು 1977ರಲ್ಲಿ ತದಾಶಿ ಕಾಜಿ ಮತ್ತು ಕಜುಸೊ ಒಹಾಮ ತೋರಿಸಿದರು. ಆದರೆ ಕೆಲವು ಹೆಣ್ಣುಮಕ್ಕಳಿಗೆ ಇದು ಮತ್ತೆ ಮತ್ತೆ ಆಗುತ್ತದೆ. ಅಲ್ಲಿ ತಾಯಿಯ ಜೀನೋಮೂ ಇರುತ್ತದೆ, ಅದರ ಮೇಲೆ ಬೀಳಬೇಕಾದ ಗುರುತುಗಳೇ ಬಿದ್ದಿರುವುದಿಲ್ಲ. 2006ರಲ್ಲಿ ರಿಮಾ ಸ್ಲಿಮ್ ತಂಡ ಇದಕ್ಕೆ ಕಾರಣವಾದ ಎನ್‌ಎಲ್‌ಆರ್‌ಪಿ-7 ಜೀನನ್ನು ಗುರುತಿಸಿತು. ಅಂಡದಲ್ಲಿ ಕೆಲಸ ಮಾಡುವ ಈ ಜೀನಿನ ಎರಡೂ ಪ್ರತಿ ತಾಯಿಯಲ್ಲಿ ಕೆಟ್ಟಿದ್ದರೆ ಅವಳ ಅಂಡಕ್ಕೆ ಸರಿಯಾದ ಮುದ್ರೆ ಬೀಳದು. ಮುದ್ರಣದ ದೋಷ ಮಗುವಿನಲ್ಲಿ, ಅದರ ಮೂಲ ತಾಯಿಯ ತಳಿಯಲ್ಲಿ: ಬೇರೆ ಬೇರೆ ಅಧ್ಯಾಯಗಳೆಂದು ತಿಳಿದ ಎರಡು ವಿಷಯಗಳು ಒಂದೇ ಗರ್ಭದಲ್ಲಿ ಸೇರಿದ್ದು ಹೀಗೆ. ಇಂಥ ಹಲವು ಕುಟುಂಬಗಳಲ್ಲಿ ಆ ಹೆಣ್ಣಿನ ಹೆತ್ತವರೇ ಪರಸ್ಪರ ರಕ್ತಸಂಬಂಧಿಗಳಾಗಿದ್ದರು. ಕೆಟ್ಟ ಪ್ರತಿ ಒಂದು ಅವಳ ತಂದೆಯಿಂದ, ಒಂದು ಅವಳ ತಾಯಿಯಿಂದ ಬಂದದ್ದು. ಆದ್ದರಿಂದ ಇದನ್ನು ಅವಳ ಗುಣದೋಷವೆಂದೋ ಸೊಸೆ ತಂದ ಅಪಶಕುನವೆಂದೋ ಯಾರೂ ಹೇಳಲಾಗದು. ಸಂಬಂಧದ ಮದುವೆ ಇನ್ನೂ ನಡೆಯುವ ನಮ್ಮ ಜಿಲ್ಲೆಗಳಲ್ಲಿ, ಮೋಲಾರ್ ಗರ್ಭ ಎರಡನೆಯ ಸಲ ಕಂಡಾಗ ವೈದ್ಯರು ತಾಯಿಯ ಜೀನು ಪರೀಕ್ಷೆಗೆ ಬರೆದುಕೊಡಬೇಕು, ಮನೆಯವರು ಅದನ್ನು ಮಾಡಿಸಬೇಕು. ಪರೀಕ್ಷೆಯಲ್ಲಿ ಈ ದೋಷ ಖಚಿತವಾದ ಹೆಣ್ಣುಮಕ್ಕಳು ದಾನವಾಗಿ ಪಡೆದ ಅಂಡದಿಂದ ಆರೋಗ್ಯವಂತ ಮಕ್ಕಳನ್ನು ಹೆತ್ತ ದಾಖಲೆಗಳಿವೆ.